ನೀವೇ ಬಿತ್ತಿಸಿದ ರಾಗಿಯ ಮೇಲೆ ನೀವೇ ಹೂಡಿದ ಮೊಕದ್ದಮೆ

ಕಾಡಿನ ಅಧಿಕಾರಿಗಳಾದ ಮಾನ್ಯರೇ,

ಆಷಾಢದಲ್ಲಿ ಯಾರ ಕೈಗೆ ಬಿತ್ತನೆ ರಾಗಿ ಕೊಟ್ಟು ಊರೆಲ್ಲ ಕೇಳುವಂತೆ ಹರಸಿದಿರೋ, ಆ ನಿಂಗನನ್ನೇ ಸರ್ಕಾರಿ ಕಾಡಿನ ನೆಲದಲ್ಲಿ ರಾಗಿ ಬೆಳೆದ ಅಪರಾಧಕ್ಕಾಗಿ ಮೊನ್ನೆ ಲಾಕಪ್ಪಿಗೆ ತಳ್ಳಿಸಿದ್ದೀರಿ. ವೀರನಹೊಸಹಳ್ಳಿಯ ಆಚೆ, ಕಾಡಂಚಿನಲ್ಲಿ ಕಾಡುಜನರು ಬಾಳುವ ಹಾಡಿಯ ಮುಂದೆ ಆ ರಾಗಿ ಈಗ ತೆನೆಗಟ್ಟಿ ನಿಂತಿದೆ. ಬರುವ ಸೋಮವಾರ ಅದರೊಳಕ್ಕೆ ದನ ನುಗ್ಗಿಸಿ ತುಳಿಸುವುದಾಗಿ ತಮ್ಮ ಗಾರ್ಡು ಸಾರಿ ಹೋಗಿದ್ದಾನೆ. ಭಲೇ! ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿಯೇ ತಲೆ ನರೆತವನು ನಾನು. ಇಂಥ ಕ್ರೂರ ಅಂಕವನ್ನು ಬರೆಯುವ ಧೈರ್ಯ ನನ್ನ ಲೇಖನಿಗೆ ಬಂದಿರಲಿಲ್ಲ.

ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗಾಗಿ ಹಿಂದಿನ ಅಂಕವನ್ನು ಹೇಳಿಬಿಡುತ್ತೇನೆ. ಅಭಿವೃದ್ಧಿ ಸಪ್ತಾಹಕ್ಕೆಂದು ತಾವೇ ನನ್ನನ್ನು ಬಂಗಲೆಗೆ ಕರೆಸಿ ಸಾವಿರಾರು ವರ್ಷಗಳ ಹಿಂದಿನ ಕಥೆ ಹೇಳಿದಿರಿ. ಮನುಷ್ಯ ಬೇಟೆಯಾಡುತ್ತ, ಗೆಡ್ಡೆ ಅಗೆಯುತ್ತ ಅಲೆಯುತ್ತಿದ್ದ; ಆಮೇಲೆ ಕಲ್ಲನ್ನು ಉಜ್ಜಿ ನುಣುಪಾದ ಕೊಡಲಿ ಮಾಡಿದ, ಕಾಳು ಬಿತ್ತಿದ, ಹಸುವನ್ನು ಪಳಗಿಸಿದ, ಮಡಕೆ ಸುಟ್ಟ, ಒಂದೆಡೆ ನೆಲೆ ನಿಂತ; ಅದೇ ನವಶಿಲಾಯುಗ ಎಂದಿರಿ. ಇದನ್ನು ನಾಟಕ ಮಾಡಿ ಹಾಡಿಯವರಿಂದಲೇ ಆಡಿಸಿ, ಆಗ ಅವರಿಗೂ ಬುದ್ಧಿ ಬರುತ್ತದೆ ಎಂದಿರಿ. ನಾನು ಬರೆದೆ. ಪರದೆ ಬೇಡ, ಗ್ಯಾಸ್‌ಲೈಟು ಬೇಡ, ಹಾಡಿಯ ಮುಂದಿನ ಕುರುಚಲು ಸವರಿದ ಬಯಲೇ ರಂಗ, ಹಗಲೇ ಆಟ ಎಂದು ಅಪ್ಪಣೆ ಮಾಡಿದವರೂ ತಾವೇ.

ತಾಲೀಮು ನೆನಪಿದೆಯೇ? ತಾವು ತಂದಿದ್ದ ಕಲ್ಲುಕೊಡಲಿಯನ್ನು ನಿಂಗ ತಿರುಗಿಸಿ ನೋಡಿ, "ಇದ್ರಲ್ಲಿ ಮರ ಕಡಿಯೋ ಒತ್ಗೆ ನಾಟ್ಕ ನೋಡೋರು ಮುದುಕ್ರಾಯ್ತಾರೆ ಮೇಷ್ಟ್ರೇ, ನನ್ ಮಚ್ಚು ತರ್ಲಾ?" ಎಂದು ಎಲ್ಲರನ್ನೂ ನಗಿಸಿದ. ಅವನ ಹೆಂಡತಿ ಸೋಮಿಗೆ ಮೊದಲ ಬಿತ್ತನೆಗಾರ್ತಿಯ ಪಾತ್ರ. "ಗೆಣಸಿನ ಬುಟ್ಟೀನ ಬೀಸಿ ಎಸೆಯಮ್ಮ, ಎಸೆದು ಎರಡೂ ಕೈ ಚಾಚಿ ಕಾಳು ತಗೋ" ಎಂದೆ. ಅವಳು ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡೇ ನಿಂತಳು.

"ಯಾಕೆ ಎಸೀಬೇಕು? ರಾಗಿ ಬರೋಗಂಟ ಏನ್ ತಿನ್ನದು?"

"ಇದು ನಾಟಕ ಕಣಮ್ಮ!"

"ನಾಟ್ಕದಲ್ಲೂ ಒಟ್ಟೆ ಇರ್ತದಲ್ಲ ಮೇಷ್ಟ್ರೇ!"

ತಾವು ನಕ್ಕಿರಿ, ಇವರು ಎಂದಿಗೂ ಮುಂದೆ ಬರುವವರಲ್ಲ ಎಂದಿರಿ. ಆದರೆ ಯೋಚಿಸಿ ಸ್ವಾಮಿ: ಆ ಆದಿಮಾನವರು ಬೇಟೆಯ ಅಂಕ ಮುಗಿಯಿತೆಂದು ಪರದೆ ಇಳಿಸಿ, ಮರುದಿನವೇ ನೇಗಿಲು ಹಿಡಿದು ಬಂದರೇ? ಒಂದು ಕೈಯಲ್ಲಿ ಗೆಣಸು, ಒಂದು ಕೈಯಲ್ಲಿ ಕಾಳು ಹಿಡಿದು ಎಷ್ಟು ತಲೆಮಾರು ಕಳೆದರೋ! ಮಳೆ ಕೈಕೊಟ್ಟ ವರ್ಷ ಮತ್ತೆ ಕಾಡಿಗೇ ಹೋಗಿ ಉಂಡಿರಬೇಕು. ಮೊಟ್ಟಮೊದಲು ಪೊದೆ ಸವರಿ ಕಾಳು ಚೆಲ್ಲಿದವಳ ಬಳಿ ಪರವಾನಗಿ ಕೇಳಿದ ಗಾರ್ಡು ಯಾರು? ತಮ್ಮ ಕಚೇರಿ ಆಗಲೇ ಇದ್ದಿದ್ದರೆ ಇವತ್ತು ತಾವೂ ನಾನೂ ಗೆಡ್ಡೆ ಅಗೆಯುತ್ತಿದ್ದೆವು. ಅದಕ್ಕೂ ದಂಡ ಕಟ್ಟುತ್ತಿದ್ದೆವು!

ಆಟದ ದಿನ, ಕೊನೆಯ ದೃಶ್ಯ. ಮುಖ್ಯ ಅತಿಥಿಗಳಾದ ತಾವು ರಂಗಕ್ಕೆ ಬಂದು ಕಾಳಿನ ಮೊರವನ್ನು ನಿಂಗ ಸೋಮಿಯರ ಕೈಗೆ ಕೊಟ್ಟಿರಿ. ಕೊಟ್ಟು, ಗಂಟಲೆತ್ತಿ ಹೇಳಿದಿರಿ: "ಇಂದಿನಿಂದ ಈ ನೆಲ ನಿಮ್ಮದು. ಬಿತ್ತಿ, ಬೆಳೆದು, ಉಣ್ಣಿ!" ಚಪ್ಪಾಳೆ ಸಿಡಿಯಿತು. ನಿಂಗ ತಮ್ಮ ಕಾಲಿಗೆ ಬಿದ್ದ. ಆ ವಾರವೇ ಮಳೆ ಹಿಡಿದು, ಚೆಲ್ಲಿದ ಕಾಳು ಮೊಳೆಯಿತು. ಪ್ರತಿವರ್ಷ ಕೊಡಗಿನ ಕಾಫಿತೋಟಕ್ಕೆ ಕೂಲಿಗೆ ಹೋಗುತ್ತಿದ್ದ ನಿಂಗ, ಈ ಸಲ ಕರೆಯಲು ಬಂದ ಮೇಸ್ತ್ರಿಯನ್ನು "ನಂಗೆ ಒಲ ಅದೆ ಕಣಣ್ಣ, ಬರಾಕಾಗಕಿಲ್ಲ" ಎಂದು ಹಿಂದಕ್ಕೆ ಕಳಿಸಿದ. ಮುಳ್ಳುಬೇಲಿ ಕಟ್ಟಿದ, ಅಟ್ಟಣೆ ಹಾಕಿ ಹಂದಿ ಕಾದ. ಈ ರಾಗಿ ಹೋದರೆ ಆ ಮನೆಗೆ ಈ ವರ್ಷ ಕೂಲಿಯೂ ಇಲ್ಲ, ಕೂಳೂ ಇಲ್ಲ. ಕಾಡಿಗೆ ಹೋಗಿ ಗೆಣಸು ಅಗೆಯೋಣವೆಂದರೆ ಅದನ್ನೂ ತಾವು ನಿಷೇಧಿಸಿದ್ದೀರಿ.

ಗಾರ್ಡು ನಿಂಗನನ್ನು ಹಿಡಿದೊಯ್ದಾಗ ನಾನು ತಮ್ಮ ಕಚೇರಿಗೆ ಓಡಿಬಂದೆ. ಕೂರಿ ಎಂದೂ ಹೇಳದೆ ತಾವು ಹೇಳಿದ್ದು ಇಷ್ಟು: "ಅದು ನಾಟಕದ ಮಾತು ಕಣ್ರೀ. ರಂಗದ ಮೇಲೆ ಆಡಿದ್ದನ್ನ ಯಾರಾದ್ರೂ ನಂಬ್ತಾರೇನ್ರೀ? ಮೇಷ್ಟ್ರಾಗಿ ನಿಮಗಿಷ್ಟು ಗೊತ್ತಾಗೋದಿಲ್ವೆ?"

ಗೊತ್ತಾಗುತ್ತದೆ, ಮಹಾಸ್ವಾಮಿ! ಬೆಟ್ಟದಪುರ, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ರಾಜಪಾರ್ಟು ಕಟ್ಟಿ ನಾನು ದಾನ ಮಾಡಿದ ರಾಜ್ಯಗಳಿಗೆ ಲೆಕ್ಕವಿಲ್ಲ. ಬೆಳಗಾದ ಮೇಲೆ ಒಬ್ಬನಾದರೂ ನನ್ನ ಮನೆಬಾಗಿಲಿಗೆ ಬಂದು "ಎಲ್ಲಿ ನನ್ನ ರಾಜ್ಯ?" ಎಂದು ಕೇಳಲಿಲ್ಲ. ನನ್ನ ತಲೆಯ ಮೇಲಿದ್ದದ್ದು ತಗಡಿನ ಕಿರೀಟವೆಂಬುದು ಹಿಂದಿನ ಸಾಲಿನ ಮುದುಕಿಗೂ ಕಾಣುತ್ತಿತ್ತು. ತಾವು ಬಣ್ಣ ಹಚ್ಚಿರಲಿಲ್ಲ. ತಮ್ಮ ಮೈಮೇಲಿದ್ದದ್ದು ಸರ್ಕಾರದ ಉಡುಪು.

ಇನ್ನೂ ಒಂದಿದೆ, ಕಿವಿಗೊಟ್ಟು ಕೇಳಿ. ಆ ನಾಟಕದ ಒಂದೊಂದು ಅಕ್ಷರವೂ ನನ್ನದು. ತಮ್ಮ ಪಾತ್ರಕ್ಕೆ ಒಂದೇ ಒಂದು ಸಂಭಾಷಣೆಯನ್ನೂ ನಾನು ಬರೆದಿರಲಿಲ್ಲ. ಮೊರ ಕೊಡುವುದು, ಕೈಮುಗಿಯುವುದು, ಹೊರಟುಬಿಡುವುದು, ಇಷ್ಟೇ. ಮರೆಯಲ್ಲಿ ಕೂತು ನಟರಿಗೆ ಮಾತು ಎತ್ತಿಕೊಡುತ್ತಿದ್ದ ನೀಲಕಂಠಸ್ವಾಮಿ, ತಾವು ಬಾಯಿ ತೆರೆದಾಗ ಗಾಬರಿಯಾಗಿ ನನ್ನ ಮುಖ ನೋಡಿದ. "ಈ ನೆಲ ನಿಮ್ಮದು" ಎಂದದ್ದು ತಾವು, ತಮ್ಮದೇ ಬಾಯಿಂದ, ತಮ್ಮದೇ ಮನಸ್ಸಿನಿಂದ. ಯಾವ ನ್ಯಾಯಾಲಯದಲ್ಲಿ ಬೇಕಾದರೂ ನಾವಿಬ್ಬರೂ ಪ್ರಮಾಣ ಮಾಡಿ ಹೇಳುತ್ತೇವೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನಿಂಗನ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಸೋಮವಾರದ ದನಗಳನ್ನು ತಡೆಯಿರಿ. ಬಿತ್ತಿದವರಿಗೆ ಕೊಯ್ಲು ಬಿಡಿ. ಇದಾಗದು ಎನ್ನುವುದಾದರೆ ಗಾರ್ಡನ್ನು ಕಳಿಸಬೇಡಿ, ತಾವೇ ಬನ್ನಿ. ನಿನ್ನೆ ನಾನು ಹೋದಾಗ ಸೋಮಿ ಒಬ್ಬಳೇ ಬೇಲಿಯ ಸಂದುಗಳಿಗೆ ಮುಳ್ಳು ತುರುಕುತ್ತಿದ್ದಳು. "ತೆನೆ ಬಲೀತಾ ಅದೆ. ಕುಯ್ಯಾಕೆ ನಿಂಗ ಬತ್ತಾನಾ, ಇಲ್ವಾ? ಅದೊಂದ್ ಏಳ್ಬುಡಿ ಮೇಷ್ಟ್ರೇ" ಎಂದಳು. ಉತ್ತರ ತಮ್ಮೊಬ್ಬರ ಬಳಿ ಇದೆ. ಬಂದು ಆ ಬೇಲಿಯ ಪಕ್ಕದಲ್ಲಿ ನಿಂತು, ಅವಳ ಮುಖ ನೋಡಿ ಹೇಳಿ.

ಇಂತಿ,
ತಮ್ಮ ಭಾಷಣಕ್ಕೆ ಜನ ಕೂಡಿಸಿಕೊಟ್ಟು
ಈಗ ಹಾಡಿಯವರಿಗೆ ಮುಖ ತೋರಿಸಲು ನಾಚುವ
ನಾಟಕದ ಮೇಷ್ಟ್ರು ಚಲುವಯ್ಯ
ಗುರುಪುರ, ಕಾರ್ತಿಕ ಮಾಸ, ೧೯೫೫