ಗೋದಾಮಿನ ಮೇಲಿನ ನಾಲ್ಕು

ಅಪ್ಪಾ,

ವರ್ಷದಿಂದ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಶಾಲೆ ಬಿಟ್ಟು ಸೇರಿದ ಬಡಗಿ ಅಂಗಡಿಯಲ್ಲಿ ನಾನು ಕಿಟಕಿ ಮಾಡುತ್ತಿರಲಿಲ್ಲ. ವೈರಿ ವಿಮಾನಗಳನ್ನು ಹೆದರಿಸಲು ಪ್ಲೈವುಡ್ಡಿನ ಕ್ಷಿಪಣಿ ಮಾಡುತ್ತಿದ್ದೆವು. ನಮ್ಮೆದುರಿನ ಗೋದಾಮಿನ ಮೇಲಿರುವ ನಾಲ್ಕಕ್ಕೂ ಬಣ್ಣ ಬಳಿದವನು ನಾನೇ.

ಅವತ್ತು ಸೈರನ್ ಕೂಗಿದಾಗ ಅಮ್ಮ, “ಎದುರಿಗೇ ಅಷ್ಟುದ್ದ ನಿಂತಿವೆಯಲ್ಲೋ ಪುಕ್ಕಲ, ನೀನು ಬೇಕಾದ್ರೆ ಇಳಿ” ಅಂದಳು. ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಅಂಗಡಿಯಲ್ಲಿ ಆಣೆ ಮಾಡಿದ್ದೆ. ಬಾಯಿ ಮುಚ್ಚಿಕೊಂಡು ಒಬ್ಬನೇ ನೆಲಮಾಳಿಗೆಗೆ ಇಳಿದೆ. ಬಾಂಬು ಅಡುಗೆಮನೆಯ ಜೊತೆ ಅವಳನ್ನೂ ಒಯ್ದಿತು.

ಈಗ ಊರಾಚೆಯ ಸೇತುವೆ ಕಾಯಲು ನಿಜವಾದ ಕ್ಷಿಪಣಿಗಳು ಬಂದಿವೆ. ಮೂರೇ ದಿನದಲ್ಲಿ ಹನ್ನೊಂದು ವಿಮಾನ ಉರುಳಿದವು, ವೈರಿ ಸೈನ್ಯ ಹಿಂದೆ ಸರಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಗೋದಾಮಿನವು ಇನ್ನೂ ಪ್ಲೈವುಡ್ಡೇ. ಸೈರನ್ ಕೇಳಿದರೆ ಚಪ್ಪಲಿ ಹುಡುಕದೆ ಇಳಿಯಿರಿ, ಮಹಡಿಯ ಅಜ್ಜಿಯನ್ನೂ ಕರೆದುಕೊಳ್ಳಿ. ಸೇತುವೆಯ ಕ್ಷಿಪಣಿ ದಳಕ್ಕೆ ಹೆಸರು ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿಮ್ಮ ಮಗ