ಗುರುವಾರದ ಮೂರನೇ ಪೀರಿಯಡ್

ಶಾಲೆಯ ಕಚೇರಿಯಿಂದ
ಶನಿವಾರ, ಸೆಪ್ಟೆಂಬರ್ 14

ಮೇಷ್ಟ್ರೇ,

ಹತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡು, ಒಡೆಯಲೋ ಬೇಡವೋ ಎಂದು ಈ ಲಕೋಟೆಯನ್ನು ಎರಡು ದಿನವಾದರೂ ಹಾಗೇ ಇಟ್ಟುಕೊಂಡಿರುತ್ತೀರಿ. ಒಡೆದಿರಲ್ಲ, ಅಷ್ಟೇ ಸಾಕು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನೀವು ಮರಗೆಲಸ ಕಲಿಸುತ್ತಿದ್ದ ವರ್ಕ್‌ಶಾಪಿನ ಬೀಗ ತೆಗೆಸಿದ್ದೇವೆ. ಹನ್ನೊಂದು ವರ್ಷ ಅದು ಮುರಿದ ಬೆಂಚುಗಳ, ಹಳೇ ಉತ್ತರ ಪತ್ರಿಕೆಗಳ ಉಗ್ರಾಣವಾಗಿತ್ತು. ನಮ್ಮಂಥ ಊರಂಚಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಕೈಕೆಲಸದ ತರಗತಿಗಳನ್ನು ಮತ್ತೆ ನಡೆಸಬೇಕೆಂದು ಮೇಲಿನಿಂದ ಆದೇಶ ಬಂತು. ಹೊಲಿಗೆಗೆ ಹೆಸರು ಕೊಟ್ಟರು, ವೈರಿಂಗಿಗೆ ಕೊಟ್ಟರು, ಮರಗೆಲಸಕ್ಕೆ ಮಾತ್ರ ಮೂವತ್ತೊಂದು ಮಕ್ಕಳು! ಬೇಡವೆನ್ನಲು ನನ್ನ ಬಳಿ ಇದ್ದದ್ದು ಒಂದೇ ಕಾರಣ. ಅದು ಬಾಯಿಬಿಟ್ಟು ಹೇಳುವಂಥದ್ದಲ್ಲ.

ನಿಮಗೆ ತಿಳಿಯದ ಸಂಗತಿ ಒಂದಿದೆ. ವರ್ಕ್‌ಶಾಪು ನನ್ನ ಕೋಣೆಯ ನೇರ ಕೆಳಗಲ್ಲವೇ? ಬೀಗ ಬಿದ್ದ ಮರುವಾರದಿಂದಲೇ ನನಗೆ ಗರಗಸದ ಸದ್ದು ಕೇಳತೊಡಗಿತು. ಗುರುವಾರ, ಹನ್ನೊಂದೂ ಇಪ್ಪತ್ತಕ್ಕೆ. ಮೊದಲು ಮೋಟಾರಿನ ಗುಂಯ್, ಆಮೇಲೆ ಹಲ್ಲಿಗೆ ಮರ ಸಿಕ್ಕಾಗಿನ ಆ ಕೀರಲು. ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಅಟೆಂಡರನ್ನು ಕೆಳಗೆ ಕಳಿಸಿದೆ. ಅವನು ವಾಪಸ್ಸು ಬಂದು, “ಮೇಡಂ, ಅಲ್ಲಿ ಕರೆಂಟೇ ಇಲ್ವಲ್ಲ, ಲೈನೇ ಕಿತ್ತಾಕಿದಾರೆ” ಎಂದು ನನ್ನನ್ನೇ ಒಂಥರಾ ನೋಡಿದ. ಮತ್ತೆ ಕಳಿಸಲಿಲ್ಲ. ಮೇಜನ್ನು ಆಚೆ ಗೋಡೆಗೆ ಸರಿಸಿದೆ. ಸದ್ದೂ ನನ್ನ ಜೊತೆ ಸರಿಯಿತು. ಕೊನೆಗೆ, ಟೈಮ್‌ಟೇಬಲ್ ಹಾಕುವ ಉಪಪ್ರಾಂಶುಪಾಲೆ ನಾನೇ ತಾನೇ, ಗುರುವಾರದ ಮೂರನೇ ಪೀರಿಯಡ್ಡಿಗೆ ಕೆಳಗಿನ ಕಾರಿಡಾರಿನಲ್ಲಿ ಯಾವ ತರಗತಿಯನ್ನೂ ಇಡದೆ ಬಂದೆ. ಆ ಹೊತ್ತಿಗೆ ಮಕ್ಕಳು ಅಲ್ಲಿದ್ದರೆ ಏನೋ ಆಗಿಬಿಡುತ್ತದೆ ಎಂಬ ಭಯ. ಹನ್ನೊಂದು ವರ್ಷ ಆ ಚೌಕ ಖಾಲಿ. ಯಾಕೆಂದು ಯಾರೂ ಕೇಳಲಿಲ್ಲ.

ಹೋದ ವಾರ ಒಬ್ಬಳು ಕೇಳಿದಳು. ಹೊಸದಾಗಿ ಬಂದ ಮರಗೆಲಸದ ಟೀಚರ್ ಯಾರೆಂದುಕೊಂಡಿರಿ? ಗಿರಗಿಟ್ಲೆ. ಬೆಂಚಿನ ಮೇಲೆ ಎರಡು ನಿಮಿಷ ಕೂರದೆ ಸುತ್ತುತ್ತಿದ್ದವಳಿಗೆ ನೀವೇ ಇಟ್ಟ ಹೆಸರು. ಹದಿನೈದನೇ ವಯಸ್ಸಿನಲ್ಲಿ ನಿಮ್ಮ ವರ್ಕ್‌ಶಾಪಿನ ಗರಗಸಕ್ಕೆ ಬಲಗೈಯ ಎರಡು ಬೆರಳು ಕಳಕೊಂಡ ಅದೇ ಹುಡುಗಿ. ಈಗ ಇಪ್ಪತ್ತಾರು. ಉಳಿ ಹಿಡಿಯುವುದೂ ಸಹಿ ಹಾಕುವುದೂ ಎಡಗೈಯಲ್ಲೇ. ಗೋಡೆಯ ಮೇಲಿನ ಟೈಮ್‌ಟೇಬಲನ್ನು ಓದಿ, “ಗುರುವಾರ ಥರ್ಡ್ ಪೀರಿಯಡ್ ಯಾಕೆ ಮೇಡಂ ಖಾಲಿ ಇದೆ? ನಂಗೆ ಅದನ್ನೇ ಕೊಡಿ” ಎಂದಳು. ಕೊಟ್ಟೆ.

ಈ ಗುರುವಾರ ಮೊದಲ ತರಗತಿ. ಕೋಣೆಯಲ್ಲಿ ಕೂರಲಾರದೆ ಕೆಳಗಿಳಿದು ಬಾಗಿಲಲ್ಲಿ ನಿಂತೆ. ಮಕ್ಕಳೆಲ್ಲ ಹಳದಿ ಗೆರೆಯಾಚೆ, ಅವಳೊಬ್ಬಳೇ ಗರಗಸದ ಬಳಿ. ಸ್ವಿಚ್ಚು ಹಾಕಿದಳು. ಅದೇ ಸದ್ದು ಮೇಷ್ಟ್ರೇ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಚೌಕಟ್ಟು ಹಿಡಿದುಕೊಂಡೆ.

ಮಕ್ಕಳು ಹೋದ ಮೇಲೆ ಅವಳೆದುರು ಎಲ್ಲವನ್ನೂ ಹೇಳಿದೆ. ಸ್ಟಾಫ್‌ರೂಮಿನಲ್ಲಿ ನೀವು, “ನಮ್ಮನೆಯವಳಿಗೆ ಮನುಷ್ಯರೂ ಟೈಮ್‌ಟೇಬಲಿನ ಚೌಕಗಳೇ” ಎಂದು ನಕ್ಕದ್ದು ಗಣಿತದ ಟೀಚರ ಬಾಯಿಂದ ನನ್ನ ಕಿವಿಗೆ ಬಿದ್ದಿತ್ತು. ಮೈಯೆಲ್ಲ ಉರಿದು, ಆ ಗುರುವಾರ ನಿಮ್ಮ ಪಾಠದ ನಡುವೆಯೇ ಮೈಕು ಎಳೆದುಕೊಂಡು ನಿಮ್ಮನ್ನು ಕೂಡಲೇ ಬರಹೇಳಿದೆ. ಏನೋ ಅನಾಹುತವೆಂದು ನೀವು ಓಡಿಬಂದಿರಿ. “ಮಕ್ಕಳನ್ನ ಬಿಟ್ಟು ಬಂದಿದೀನಿ ಕಣೇ, ಸಂಜೆ ಮನೇಲಿ ಮಾತಾಡೋಣ” ಎಂದಿರಿ. ನಾನು ಬಾಗಿಲಿಗೆ ಅಡ್ಡ ನಿಂತೆ. ಆಮೇಲೆ ವಿಚಾರಣೆಗೆ ಬಂದ ಮೂವರ ಮುಂದೆ, ನನ್ನ ಕೋಣೆಯಿಂದ ಯಾವ ಕರೆಯೂ ಹೋಗಿಲ್ಲ ಎಂದೆ. ಪಕ್ಕದಲ್ಲೇ ಕೂತಿದ್ದ ನೀವು ಮೇಜನ್ನೇ ನೋಡುತ್ತ, ನಾನಾಗಿಯೇ ಎದ್ದು ಹೋಗಿದ್ದೆ ಎಂದಿರಿ. ನಿಮ್ಮ ಕೆಲಸ ಹೋಯಿತು. ಎಂಟು ತಿಂಗಳು ಒಂದೇ ಸೂರಿನಡಿ, ಉಪ್ಪು ಬೇಕಾ, ಬಾಗಿಲು ಹಾಕಿದ್ದೀರಾ ಎಂಬುದರಾಚೆ ನಮ್ಮಲ್ಲಿ ಮಾತಿರಲಿಲ್ಲ. ನೀವು ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ನಾನು ತಡೆಯಲಿಲ್ಲ. ಗಂಡ ಬಿಟ್ಟುಹೋದ ಎಂದು ಜನ ನನ್ನ ಮೇಲೆ ಮರುಕಪಟ್ಟರು. ಪಡಲಿ ಎಂದು ಸುಮ್ಮನಿದ್ದೆ.

ಗಿರಗಿಟ್ಲೆ ಬೆಂಚಿನ ಮೇಲಿನ ಹೊಟ್ಟು ಗುಡಿಸುತ್ತಲೇ ಕೇಳಿಸಿಕೊಂಡಳು. “ಗೊತ್ತು ಮೇಡಂ” ಎಂದಳು. “ನೀವು ಕರೆದದ್ದು ಸ್ಪೀಕರಲ್ಲಿ. ಕ್ಲಾಸಲ್ಲಿದ್ದ ಇಪ್ಪತ್ತೆರಡು ಜನಾನೂ ಕೇಳಿಸಿಕೊಂಡ್ವಿ. ನಮ್ಮನ್ನ ಯಾರೂ ವಿಚಾರಿಸ್ಲೇ ಇಲ್ಲ. ಯಂತ್ರ ಮುಟ್ಟಬೇಡಿ ಅಂತ ಆಫ್ ಮಾಡೇ ಹೋಗಿದ್ರು ಮೇಷ್ಟ್ರು. ಸ್ವಿಚ್ ಹಾಕಿದ್ದು ನಾನು. ಆಸ್ಪತ್ರೆಗೆ ಬಂದಾಗ ಅವ್ರಿಗೆ ಹೇಳ್ದೆ, ನಿಮ್ಮನ್ನ ಮೇಡಂ ಕರೆದ್ರು ಅಂತ ನಾನೇ ಎಲ್ರಿಗೂ ಹೇಳ್ತೀನಿ ಅಂತ. ಬೇಡಮ್ಮ, ಅವಳು ತಡ್ಕೊಳಲ್ಲ ಅಂದ್ರು.”

ಅವಳು ತಡ್ಕೊಳಲ್ಲ. ಈ ಎರಡು ಮಾತು ಕೇಳಿ ನಾನು ಅಲ್ಲೇ ಮರದ ದಿಮ್ಮಿಯ ಮೇಲೆ ಕೂತೆ. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. “ಇದೆ ಮೇಡಂ. ಹೋಗುತ್ತೆ ಅಂತ ಅನ್ಸಲ್ಲ” ಎಂದಳು. ಆಮೇಲೆ ಒಂದು ಲೋಟ ನೀರು ತಂದುಕೊಟ್ಟಳು.

ನಿನ್ನೆ ನಿಜವನ್ನು ಬರೆದು ಸಹಿ ಹಾಕಿ ಮೇಲಿನವರಿಗೆ ಕಳಿಸಿದ್ದೇನೆ. ಪ್ರತಿ ಈ ಲಕೋಟೆಯಲ್ಲಿದೆ. ನಿವೃತ್ತಿಗೆ ಎರಡು ವರ್ಷವಿದೆ. ಅಲ್ಲಿವರೆಗೆ ಈ ಕುರ್ಚಿ ಇರುತ್ತದೋ ಇಲ್ಲವೋ. ಕೀಸುವ ಯಂತ್ರದ ಬೆಲ್ಟು ಜಾರುತ್ತದಂತೆ, ಮೇಷ್ಟ್ರಿಗೇ ಅದರ ಮರ್ಮ ಗೊತ್ತು, ಬರೋಕೆ ಹೇಳಿ ಎಂದಿದ್ದಾಳೆ ಗಿರಗಿಟ್ಲೆ. ಅವಳಿಗಾಗಿ ಬನ್ನಿ. ನೀವು ಬರುವ ದಿನ ನಾನು ರಜೆ ಹಾಕುತ್ತೇನೆ.

ಇವತ್ತು ಅರ್ಧ ದಿನ, ಈಗ ಶಾಲೆಯಲ್ಲಿ ಯಾರೂ ಇಲ್ಲ. ವರ್ಕ್‌ಶಾಪಿಗೆ ನಾನೇ ಬೀಗ ಹಾಕಿ ಮೇಲೆ ಬಂದೆ. ಆದರೂ ಇದನ್ನು ಬರೆಯುವಾಗ ನೆಲ ನಡುಗುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಇಂತಿ,
ನಿಮ್ಮವಳು ಎಂದು ಬರೆಯಲು ಹಿಂಜರಿಯುವ
ನಿಮ್ಮ ಹೆಂಡತಿ

ತಾ.ಕ.: ಇದು ಆ ಹೇಳಿಕೆಯಲ್ಲಿಲ್ಲ. ಗಿರಗಿಟ್ಲೆಗೂ ಹೇಳಲು ನಾಲಿಗೆ ಏಳಲಿಲ್ಲ. ಯಂತ್ರಗಳ ನಡುವೆ ದುಡಿದು ನಿಮ್ಮ ಕಿವಿ ಮಂದವಾಗಿತ್ತು. ಆ ದಿನ ಮಕ್ಕಳು ಬಂದು ನನ್ನ ಕೋಣೆಯ ಬಾಗಿಲು ಬಡಿದ ಮೇಲೆಯೇ ನಿಮಗೆ ತಿಳಿದದ್ದು. ನನಗೆ ಅವಳ ಮೊದಲ ಕೂಗೇ ಕೇಳಿಸಿತ್ತು. ಮಕ್ಕಳ ಗಲಾಟೆ ಎಂದುಕೊಂಡೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹಾಗೆ ಅಂದುಕೊಂಡಿರಲಿಲ್ಲ ಮೇಷ್ಟ್ರೇ. ನನ್ನ ಮಾತು ಇನ್ನೂ ಮುಗಿದಿರಲಿಲ್ಲ.