ವನೀಟಾಳ ಪಾಲಿನ ಹದಿನೈದು

ಸೆಂಟ್ರೇಲಿಯಾ,
ಏಪ್ರಿಲ್ ೨೨, ಸೋಮವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಲೈಲ್‌ಗೆ,

ಹೇಗಿದ್ದೀಯ? ಹಲ್ಲುನೋವು ಇಳಿಯಿತೇ? ಜೈಲಿಗೆ ಹಲ್ಲಿನ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರೆಂದು ಬರೆದಿದ್ದೆ. ಅಲ್ಲಿಯವರೆಗೆ ಉಪ್ಪುನೀರು ಮುಕ್ಕಳಿಸು, ಸಿಹಿ ತಿನ್ನುವುದನ್ನು ಬಿಡು. ಬಿಡುವವನಲ್ಲ ನೀನು, ಗೊತ್ತಿದ್ದೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ದಿನವಿಡೀ ನಿಂತುಕೊಂಡು ಊರಿನವರ ಕೂದಲು ಕತ್ತರಿಸುವವಳ ಮಂಡಿ ಇನ್ನೇನು ಮಾಡೀತು ಪಾಪ. ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಸಾಹೇಬರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಪತ್ರಗಳೆಂದರೆ ಅವರಿಗೆ ಆಕಳಿಕೆ ಬರುತ್ತದೆಂದು ನೀನೇ ಬರೆದಿದ್ದೆ. ಈ ಸಲ ಹಾಗಾಗಲಿಕ್ಕಿಲ್ಲ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಜೂನ್‌ನಲ್ಲಿ ಬಿಡುತ್ತಾರೆ, ಆದರೆ ಎಲ್ಲಿ ಇರುತ್ತೇನೆಂದು ಒಂದು ವಿಳಾಸ ಕೊಡಬೇಕು, ಮೇ ಒಂದರೊಳಗೆ ಕೊಡಬೇಕು, ಇಲ್ಲವಾದರೆ ಎಲ್ಲಿಯೋ ದೂರದ ಬಿಡಾರಕ್ಕೆ ಕಳಿಸುತ್ತಾರೆ ಎಂದೆಲ್ಲ ಎರಡು ಪುಟ ಬರೆದು, ಕೊನೆಗೆ ಒಂದೇ ಸಾಲು ಕೇಳಿದ್ದೆ: 'ಅಕ್ಕಾ, ನಿನ್ನ ಮನೆಗೆ ಬರಲಾ?' ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹಾಲು ತೆಗೆಯಲು ಹೋದಾಗಲೆಲ್ಲ ಓದಿದೆ. ಬಾ ಎನ್ನಲಿಕ್ಕೆ ಬಾಯಿ ಬರಲಿಲ್ಲ, ಬೇಡ ಎನ್ನಲಿಕ್ಕೂ ಬರಲಿಲ್ಲ. ಯಾವುದಾದರೂ ಒಂದು ಉತ್ತರ ತಟ್ಟನೆ ಕೊಡದೆ ಇದ್ದ ಅಕ್ಕನನ್ನು ನೀನು ಹುಟ್ಟಿದಾಗಿನಿಂದ ನೋಡಿಲ್ಲ, ಅಲ್ಲವೇ? ಈ ಮೂರು ವಾರ ನೀನು ಅಲ್ಲಿ ಏನೇನು ಯೋಚಿಸಿದೆಯೋ.

ಕಡೆಗೆ ಶುಕ್ರವಾರ ಸಲೂನಿನ ಬಾಗಿಲಿಗೆ ಬೀಗ ಜಡಿದು, ಥರ್ಮಾಸಿನ ತುಂಬ ಕಾಫಿ ಮಾಡಿಕೊಂಡು, ಒಬ್ಬಳೇ ಕಾರು ಹತ್ತಿ ಸಮುದ್ರದ ಕಡೆ ಹೊರಟೆ. ಮೊದಲು ನೇರ ಉತ್ತರಕ್ಕೆ, ಕಲೇಲಾಕ್‌ವರೆಗೆ. ಅಲ್ಲಿ ಮಂಜು ಎಂದರೆ ಮಂಜು, ಕಾರಿನ ಮೂತಿಯೇ ನನಗೆ ಕಾಣುತ್ತಿರಲಿಲ್ಲ. ಮರಳಿಗೆ ಇಳಿದು ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಾಡು ಯಾವ ಕಡೆ, ನೀರು ಯಾವ ಕಡೆ ಎಂಬುದೇ ಮರೆತುಹೋಯಿತು. ಅಪ್ಪ ಕಲಿಸಿದಂತೆ ಬಗ್ಗಿ, ಹಿಂದೆ ಸರಿದ ಅಲೆ ಮರಳಿನ ಮೇಲೆ ಎಳೆದ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ ದಿಕ್ಕು ಹಿಡಿದೆ. ಐವತ್ತನಾಲ್ಕು ವರ್ಷದ ಹೆಂಗಸು ಮಂಡಿಯೂರಿ ಮರಳು ತಡಕುವುದನ್ನು ಯಾರೂ ನೋಡಲಿಲ್ಲ, ಪುಣ್ಯ. ಶನಿವಾರ ಕೆಳಗೆ ಕೊಪೇಲಿಸ್‌ಗೆ ಬಂದು ಉಳಿದೆ. ಬಿಸಿಬಿಸಿ ಚಿಪ್ಪುಮೀನಿನ ಸಾರು ಕುಡಿಯುತ್ತ, ಹೋಟೆಲಿನ ಕಾಗದದ ಮೇಲೆ ನಿನಗೆ ಎರಡು ಉತ್ತರ ಬರೆದೆ. 'ಬಾ' ಎಂದು ಒಂದು, 'ಈಗ ಬೇಡಪ್ಪ' ಎಂದು ಇನ್ನೊಂದು. ಎರಡೂ ಓದಲು ಚೆನ್ನಾಗಿಯೇ ಇದ್ದವು, ಎರಡೂ ಸುಳ್ಳು ಎನಿಸಿತು. ಹರಿದು ಹಾಕಿದೆ.

ಗ್ರೇಲ್ಯಾಂಡಿಗೆ ಹೋಗುವ ಯೋಚನೆ ಇರಲಿಲ್ಲ. ಮೂರು ವರ್ಷದಿಂದ ಆ ಕಡೆ ತಲೆ ಹಾಕಿ ಮಲಗಿದವಳೂ ಅಲ್ಲ ನಾನು. ಆದರೆ ಭಾನುವಾರ ಬೆಳಿಗ್ಗೆ ಸಮುದ್ರದ ನೀರು ದೂರ ಸರಿಯುವ ದೊಡ್ಡ ಇಳಿತವಿತ್ತು, ಚಿಪ್ಪುಮೀನು ಅಗೆಯಲು ಅಲ್ಲಿ ಅನುಮತಿ ಕೊಟ್ಟಿದ್ದಾರೆಂದು ರೇಡಿಯೋದಲ್ಲಿ ಹೇಳಿದರು, ಕಾರು ತಾನಾಗಿಯೇ ಆ ದಾರಿ ಹಿಡಿಯಿತು. ಮಂಜಿನಲ್ಲಿ ಮರಳಿನ ಮೇಲೆ ಕಾರು ಓಡಿಸಲು ಧೈರ್ಯ ಸಾಲದೆ ಮೇಲೆಯೇ ನಿಲ್ಲಿಸಿ ನಡೆದೆ. ಜನರ ಮಾತು ಕೇಳಿಸುತ್ತಿತ್ತು, ಜನ ಕಾಣುತ್ತಿರಲಿಲ್ಲ. ನೀನು ಇದೇ ಮರಳಿನ ಮೇಲೆ ಅವಳಿಗೆ ಗಾಡಿ ಗುದ್ದಿಸಿದ ದಿನವೂ ಹೀಗೆಯೇ ಇತ್ತು. ಅರ್ಧ ಮೈಲಿ ನಡೆದಿರಬೇಕು, ಎದುರಿಗೆ ಮಡಚುವ ಕುರ್ಚಿಯೊಂದರಲ್ಲಿ ಕಂಬಳಿ ಹೊದ್ದು ಕೂತಿದ್ದವಳು ಯಾರು ಗೊತ್ತೇ? ಅವಳೇ, ವನೀಟಾ ಪ್ರುಯಿಟ್. ನಮ್ಮ ಶಾಲೆಯ ಅಡುಗೆಮನೆಯಲ್ಲಿ ನಿನಗೆ ಎರಡು ಸಲ ಬಡಿಸಿ ನನಗೆ ಕಣ್ಣು ಬಿಡುತ್ತಿದ್ದ ಅದೇ ವನೀಟಾ. ಊರುಗೋಲು ಪಕ್ಕದಲ್ಲಿ ಮರಳಿಗೆ ನೆಟ್ಟಿತ್ತು. ತಿರುಗಿ ಓಡೋಣವೆಂದುಕೊಂಡೆ, ಅಷ್ಟರಲ್ಲಿ ಗುರುತು ಹಿಡಿದುಬಿಟ್ಟಳು. ರೌಟಿಯೋ ಮನೆಯ ದೊಡ್ಡ ಹುಡುಗಿಯಲ್ಲವೇ, ಬಾ ಇಲ್ಲಿ ಎಂದಳು.

ಅವಳ ಸೊಂಟದಲ್ಲಿ ಈಗ ಕಬ್ಬಿಣದ ಕೀಲು ಇದೆಯಂತೆ, ಬಗ್ಗುವ ಹಾಗಿಲ್ಲ. ಅಂಥವರ ದಿನದ ಪಾಲಾದ ಹದಿನೈದು ಚಿಪ್ಪುಮೀನನ್ನು ಬೇರೆಯವರು ಅಗೆದುಕೊಡಬಹುದೆಂದು ಸರಕಾರ ಒಂದು ಚೀಟಿ ಕೊಟ್ಟಿದೆ, ಆದರೆ ಚೀಟಿಯವರು ಪಕ್ಕದಲ್ಲೇ ಇರಬೇಕು. ಅಗೆದುಕೊಡುವ ಸೊಸೆ ಕೈ ಉಳುಕಿಸಿಕೊಂಡು ಕಾರಿನಲ್ಲಿ ಕೂತಿದ್ದಳು. ನೀರು ಏರಲು ಇನ್ನು ಮುಕ್ಕಾಲು ಗಂಟೆ. ನಿನ್ನ ಸುದ್ದಿಯನ್ನಾಗಲೀ ನನ್ನ ಸುದ್ದಿಯನ್ನಾಗಲೀ ಅವಳು ಕೇಳಲಿಲ್ಲ. ಆ ಚೀಟಿಯನ್ನೂ ಅಗೆಯುವ ಕೊಳವೆಯನ್ನೂ ನನ್ನ ಕೈಗೆ ತುರುಕಿ, ಸುಮ್ಮನೆ ನಿಂತಿರುವ ಬದಲು ಹದಿನೈದು ತೆಗೆದುಕೊಡು ಎಂದಳು. ಇಲ್ಲ ಎನ್ನಲಿ ಹೇಗೆ ಹೇಳು.

ಮೂರು ವರ್ಷ ಕೈಬಿಟ್ಟ ಕೆಲಸ. ಚಿಪ್ಪುಮೀನು ಅಡಗಿದ ಮರಳಿನ ಗುಳಿ ಹುಡುಕಿ ಕೊಳವೆ ಒತ್ತಿದರೆ ಓರೆಯಾಗುತ್ತಿತ್ತು. ಆರನೆಯದು ಮೇಲೆ ಬರುವಾಗ ಚಿಪ್ಪು ಒಡೆದು ಚೂರಾಗಿತ್ತು. ನಾನು ಏನು ಮಾಡಿದೆ ಎಂದು ನಿನಗೆ ಹೇಳಬೇಕಾಗಿಲ್ಲ, ನಮ್ಮ ಕಡೆಯ ಅರ್ಧ ಜನ ಅದನ್ನೇ ಮಾಡುತ್ತಾರೆ, ನಾಚಿಕೆಗೆಟ್ಟವರು. ಅವಳಿಗೆ ಬೆನ್ನು ಹಾಕಿ ನಿಂತು, ಹಿಮ್ಮಡಿಯಿಂದ ಅದನ್ನು ಗುಳಿಯೊಳಕ್ಕೆ ತುಳಿದು ಮರಳು ಮುಚ್ಚಿದೆ. ಶಾಲೆಯಲ್ಲಿ ಮುನ್ನೂರು ಮಕ್ಕಳ ತಟ್ಟೆ ಕಾದವಳ ಕಣ್ಣು ತಪ್ಪಿಸಲಾಗುತ್ತದೆಯೇ?

"ಏನೇ ಅದು ಕಾಲಡಿ?" ಎಂದಳು. "ಮೊದಲು ಸಿಕ್ಕಿದ ಹದಿನೈದೂ ನಮ್ಮದೇ. ಒಡೆದದ್ದೂ ಸೇರಿ. ತೆಗೆದು ಬುಟ್ಟಿಗೆ ಹಾಕು. ಹುರಿದ ಮೇಲೆ ಯಾವ್ದು ಇಡೀದು, ಯಾವ್ದು ಚೂರು ಅಂತ ಯಾರಿಗೆ ಗೊತ್ತಾಗುತ್ತೆ?"

ಬಗ್ಗಿ ಅದನ್ನು ಮರಳಿನಿಂದ ಹೊರತೆಗೆದೆ. ಆಮೇಲೆ ನನಗೇನಾಯಿತೋ ತಿಳಿಯದು, ನೆಟ್ಟಗಾಗಲು ಆಗಲಿಲ್ಲ. ಅಲ್ಲಿಯೇ ಒದ್ದೆ ಮರಳಿನಲ್ಲಿ ಕೂತು ಅವಳಿಗೆ ಹೇಳಿಬಿಟ್ಟೆ. ಲೈಲ್, ಏನು ಹೇಳಿದೆನೆಂದು ನಿನಗೆ ಗೊತ್ತು. ಆ ಬೆಳಿಗ್ಗೆ ನಿನ್ನ ಬಾಯಿಂದ ಬರುತ್ತಿದ್ದ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಗಾಡಿಯ ಕೀಲಿ ಕಸಿದುಕೊಳ್ಳಬೇಕಿತ್ತು. ನೀರು ಏರಿಬಿಡುತ್ತದೆ, ಬೇಗ ಹೊರಡು ಎಂದು ನಿನ್ನನ್ನು ಆತುರಪಡಿಸಿದವಳು ನಾನು. ಪೊಲೀಸರು ಕೇಳಿದಾಗ, ಕುಡಿದಿದ್ದನೆಂದು ನನಗೆ ಗೊತ್ತೇ ಇರಲಿಲ್ಲ ಎಂದೆ. ನೀನು ನ್ಯಾಯಾಲಯದಲ್ಲಿ ನನ್ನ ಹೆಸರೆತ್ತಲಿಲ್ಲ, ಈ ಮೂರು ವರ್ಷದ ಒಂದು ಕಾಗದದಲ್ಲೂ ಎತ್ತಲಿಲ್ಲ. ನಿನ್ನ ಮೇಲಿನ ಕೋಪದಿಂದ ಉತ್ತರ ಬರೆಯಲಿಲ್ಲ ಎಂದುಕೊಂಡೆಯೇನೋ. ಅಲ್ಲಪ್ಪ. ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಲು ನನಗೆ ಭಯವಿತ್ತು. ಸಾಹೇಬರೇ, ಇಷ್ಟನ್ನೂ ನೀವು ಓದಿದಿರಿ. ಯಾರಿಗೆ ಹೇಳಬೇಕೋ ಹೇಳಿ, ಕರೆದರೆ ಬರುತ್ತೇನೆ.

ವನೀಟಾ ಬೈಯಲಿ ಎಂದು ಕಾದೆ. ನಿಜ ಹೇಳುತ್ತೇನೆ, ಬೈದಿದ್ದರೆ ಹಗುರವಾಗುತ್ತಿತ್ತು. ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಕಣೇ. ಆಸ್ಪತ್ರೆಗೆ ಎಲ್ಲಾರೂ ಬಂದ್ರು, ನೀನೊಬ್ಬಳು ಬರ್ಲಿಲ್ಲ. ಕ್ಷಮಿಸಿದೆ ಅಂತೆಲ್ಲ ನನ್ನ ಬಾಯಲ್ಲಿ ಹೇಳಿಸ್ಬೇಡ, ರಾತ್ರಿ ಮಗ್ಗುಲು ತಿರುಗಿದ್ರೆ ಇವತ್ತಿಗೂ ಸೊಂಟ ನೋಯುತ್ತೆ. ಇನ್ನೂ ಒಂಬತ್ತು ಬಾಕಿ ಇದೆ. ಅಗೆ."

ಅಗೆದೆ. ಅಳುತ್ತಲೇ ಅಗೆದೆ, ಮೂಗು ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಮರಳು. ಹದಿನೈದಾದ ಮೇಲೆ ಅವಳ ತೋಳು ಹಿಡಿದು ಸೊಸೆಯ ಕಾರಿನವರೆಗೆ ಬಿಟ್ಟೆ. ಅಷ್ಟು ದೂರಕ್ಕೆ ಕಾಲು ಗಂಟೆ ಹಿಡಿಯಿತು. ದಾರಿಯಲ್ಲಿ ನಿನ್ನ ಕಾಗದದ ವಿಷಯ ಹೇಳಿದೆ. ಅವಳು ಕೊಟ್ಟ ಉತ್ತರವನ್ನು ಕೆಳಗೆ ಬರೆಯುತ್ತೇನೆ, ಅಂಚೆಯವನು ಬರುವ ಹೊತ್ತಾಯಿತು. ಹಲ್ಲಿನ ವಿಷಯ ಮರೆಯಬೇಡ. ನಿನ್ನ ಪಕ್ಕದ ಕೋಣೆಯ ಮುದುಕರಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಐಲಾ

ತಾ.ಕ.: ನನ್ನ ವಿಳಾಸ ಬರೆದು ಸಹಿ ಹಾಕಿದ ಅರ್ಜಿಯನ್ನು ಇದೇ ಅಂಚೆಯಲ್ಲಿ ನಿನ್ನ ಬಿಡುಗಡೆಯ ಅಧಿಕಾರಿಗೆ ಕಳಿಸುತ್ತಿದ್ದೇನೆ. ಹಿಂದಿನ ಕೋಣೆ ಖಾಲಿ ಮಾಡಿದ್ದೇನೆ, ಮಂಚ ಚಿಕ್ಕದು, ಕಾಲು ಹೊರಗೆ ಬರುತ್ತದೆ, ಸಹಿಸಿಕೋ. ನೀನು ವನೀಟಾಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಕೊಟ್ಟ ಆಜ್ಞೆಯನ್ನು ತೆಗೆಸಲು ಅವಳೇ ಹೋಗಿ ಕೇಳುತ್ತಾಳಂತೆ. ಅಲ್ಲಿಯವರೆಗೆ ಅವಳಿಗೆ ಒಂದಕ್ಷರವೂ ಬರೆಯಬೇಡ. ಅದು ಮುಗಿದ ಮೇಲೆ, ಚಳಿಗಾಲಕ್ಕೆ ಮುಂಚೆ ಅಗೆಯಲು ಬಿಡುವ ಮೊದಲ ಇಳಿತದಿಂದ ಅವಳ ಪಾಲಿನ ಹದಿನೈದನ್ನು ನೀನೇ ಅಗೆದುಕೊಡಬೇಕಂತೆ, ಅವಳು ಇರುವಷ್ಟು ವರ್ಷ. "ಗಾಡಿ ಬೇಡ, ನಡ್ಕೊಂಡು ಬರ್ಲಿ ಅಂತ ಹೇಳು" ಎಂದಳು. ಮೇಲಿನ ರಸ್ತೆಯಿಂದ ಅವಳ ಕುರ್ಚಿಗೆ ಅರ್ಧ ಮೈಲಿ. ನಾನೂ ನಿನ್ನ ಜೊತೆ ನಡೆಯುತ್ತೇನೆ.